ದಾರಿ ಕೇಳಿದವರಿಗೆ: ಸ್ವಿಟ್ಜರ್ಲೆಂಡಿನಲ್ಲಿ ಒಂದು ವಾರ, ಏನು ನೋಡಲಿ, ಏನು ಬಿಡಲಿ?

ಸ್ವಿಟ್ಜರ್ಲೆಂಡಿಗೆ ಹೊರಟವರು ಪ್ರಶ್ನೆ ಕಳಿಸಿ ಎಂದು ಹೋದ ತಿಂಗಳು ಇದೇ ಅಂಕಣದಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕೇಳುವುದು ಒಂದೇ ಮಾತು: ಕೈಯಲ್ಲಿರುವುದು ಒಂದು ವಾರ, ನೋಡಬೇಕೆಂದಿರುವುದು ಇಡೀ ದೇಶ, ಯಾವುದನ್ನು ಇಟ್ಟುಕೊಳ್ಳೋಣ?

ನಾನು ಸಾಗರದ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳು. ನದಿ ಕೊರೆದ ಕಣಿವೆ ‘ವಿ’ ಆಕಾರ, ಹಿಮನದಿ ಕೊರೆದ ಕಣಿವೆ ‘ಯು’ ಆಕಾರ ಎಂದು ಬೋರ್ಡಿನ ಮೇಲೆ ಎಷ್ಟು ವರ್ಷ ಚಿತ್ರ ಬರೆದೆನೋ. ಆ ‘ಯು’ ಒಳಗೆ ನಿಂತು ತಲೆಯೆತ್ತಿ ನೋಡಿದ್ದು ನಿವೃತ್ತಿಯ ನಂತರವೇ. ಮೂರು ಸಲ ಹೋಗಿಬಂದಿದ್ದೇನೆ. ಮೊದಲ ಸಲ ಟೂರ್ ಬಸ್ಸಿನಲ್ಲಿ, ಆಮೇಲೆ ಎರಡು ಸಲ ನಾವಿಬ್ಬರೇ. ಕೆಳಗಿನ ಉತ್ತರಗಳೆಲ್ಲ ಆ ಮೂರು ಪ್ರವಾಸಗಳಿಂದ ಬಂದವು.

ಪ್ರಶ್ನೆ: ಮೇ ಎರಡನೇ ವಾರ ಹೊರಡುತ್ತಿದ್ದೇವೆ. ನಾನು, ಯಜಮಾನರು, ಎಂಟನೇ ತರಗತಿಯ ಮಗಳು. ವಿಮಾನದ ದಿನ ಕಳೆದರೆ ಆರು ದಿನ ಸಿಗುತ್ತದೆ. ನಮ್ಮ ಪಟ್ಟಿ ಹೀಗಿದೆ: ಜ್ಯೂರಿಕ್, ರೈನ್ ಜಲಪಾತ, ಲುಸರ್ನ್, ಟಿಟ್ಲಿಸ್, ಬರ್ನ್, ಇಂಟರ್‌ಲಾಕೆನ್, ಯುಂಗ್‌ಫ್ರೌ, ಮ್ಯಾಟರ್‌ಹಾರ್ನ್, ಮಾಂಟ್ರೋ, ಜಿನೀವಾ, ಸಾಧ್ಯವಾದರೆ ಗ್ಲೇಸಿಯರ್ ಎಕ್ಸ್‌ಪ್ರೆಸ್ ರೈಲು. ನಾಲ್ಕು ಊರಲ್ಲಿ ಹೋಟೆಲ್ ಮಾಡಬೇಕೆಂದಿದ್ದೇವೆ. ಸರಿ ಹೋಗುತ್ತದೆಯೇ? (ದಾವಣಗೆರೆಯ ಓದುಗರು)

ಉತ್ತರ: ನಿಮ್ಮ ಪಟ್ಟಿಯಲ್ಲಿ ಹನ್ನೊಂದು ಹೆಸರಿವೆ, ಕೈಯಲ್ಲಿ ಆರು ದಿನ. ರೈಲುಗಳು ಅಲ್ಲಿ ಹೇಳಿದ ನಿಮಿಷಕ್ಕೆ ಹೊರಡುತ್ತವೆ, ಹಾಗಾಗಿ ಇದನ್ನೆಲ್ಲ ಮುಟ್ಟಿ ಬರಲು ಸಾಧ್ಯವಿದೆ. ಆದರೆ ನೋಡಿ ಬರಲು ಸಾಧ್ಯವಿಲ್ಲ. ಏಕೆಂದು ನನ್ನ ಮೊದಲ ಪ್ರವಾಸದ ಒಂದು ದಿನ ಹೇಳಿದರೆ ಅರ್ಥವಾಗುತ್ತದೆ.

ಬೆಳಗಿನ ಐದಕ್ಕೆ ಎಬ್ಬಿಸಿ, ಪೊಟ್ಟಣದ ತಿಂಡಿ ಕೈಗೆ ಕೊಟ್ಟು, ನಮ್ಮನ್ನು ಯುಂಗ್‌ಫ್ರೌಯೋಖ್‌ಗೆ ಹತ್ತಿಸಿದರು. 3,454 ಮೀಟರ್ ಎತ್ತರ. ಮೇಲೆ ಗಾಜಿನ ಕಿಟಕಿಯ ಆಚೆ ಹಾಲು ಚೆಲ್ಲಿದ ಹಾಗೆ ಬಿಳಿ, ಅಷ್ಟೇ. ‘ಮೋಡ ಇಲ್ಲದಿದ್ದರೆ ಇಲ್ಲಿಂದ ಆಲೆಚ್ ಹಿಮನದಿ ಕಾಣುತ್ತದೆ’ ಎಂದು ಗೈಡ್ ಹುಡುಗ ಕೈ ತೋರಿಸಿದ. ಪಾಠದಲ್ಲಿ ಹೇಳಿಕೊಂಡು ಬಂದ, ಇಪ್ಪತ್ತು ಕಿಲೋಮೀಟರಿಗೂ ಉದ್ದದ, ಆಲ್ಪ್ಸ್‌ನ ಅತಿ ದೊಡ್ಡ ಹಿಮನದಿ ನನ್ನ ಕಣ್ಣೆದುರೇ ಇತ್ತು, ಕಾಣಲಿಲ್ಲ. ಎರಡು ಗಂಟೆ ಕಳೆದು ಇಳಿಸಿದರು. ಮರುದಿನ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ನಮ್ಮ ಬಸ್ಸು ಆಗ ಆಸ್ಟ್ರಿಯಾದ ದಾರಿ ಹಿಡಿದಿತ್ತು. ನಾನು ಹಿಂದಿನ ಸೀಟಿಗೆ ಹೋಗಿ ಹಿಂಗಾಜಿನಲ್ಲಿ ನೋಡುತ್ತಾ ಕೂತೆ. ಯಾರನ್ನೂ ದೂರಿ ಫಲವಿಲ್ಲ. ಯಾವ ತಾರೀಕಿಗೆ ಯಾವ ಶಿಖರ ಎಂದು ಆರು ತಿಂಗಳ ಹಿಂದೆಯೇ ಬರೆದಿಟ್ಟರೆ ಆಗುವುದು ಹೀಗೆಯೇ.

ಆದ್ದರಿಂದ ಶಿಖರಕ್ಕೆ ತಾರೀಕು ಕೊಡಬೇಡಿ. ಊರಿಗೆ ಕೊಡಿ. ಐದು ರಾತ್ರಿ ಒಂದೇ ಕಡೆ ತಂಗಿ, ಕೊನೆಯ ರಾತ್ರಿ ಮಾತ್ರ ವಿಮಾನಕ್ಕೆ ಹತ್ತಿರ ಬನ್ನಿ. ನಿಮಗೆ ನಾನು ಹೇಳುವ ಊರು ಲೌಟರ್‌ಬ್ರುನೆನ್. ಅಲ್ಲಿ ಜಾಗ ಸಿಗದಿದ್ದರೆ ಮೇಲಿನ ವೆಂಗೆನ್, ಅದೂ ಇಲ್ಲದಿದ್ದರೆ ಕೆಳಗಿನ ಇಂಟರ್‌ಲಾಕೆನ್. ಜ್ಯೂರಿಕ್‌ನಿಂದ ಇಂಟರ್‌ಲಾಕೆನ್‌ಗೆ ಎರಡು ಗಂಟೆ, ಅಲ್ಲಿಂದ ಲೌಟರ್‌ಬ್ರುನೆನ್‌ಗೆ ಇಪ್ಪತ್ತು ನಿಮಿಷ.

ಈ ಕಣಿವೆ ಏಕೆಂದರೆ, ಒಂದೇ ಹಾಸಿಗೆಯಿಂದ ಎದ್ದು ಐದು ಬೇರೆ ಬೇರೆ ಎತ್ತರಕ್ಕೆ ಹೋಗಬಹುದು. ಕಣಿವೆಯ ತಳ ಸುಮಾರು 800 ಮೀಟರ್. ವೆಂಗೆನ್ 1,274. ಎದುರಿನ ಗೋಡೆಯ ನೆತ್ತಿಯ ಮೇಲೆ ಮ್ಯೂರೆನ್ 1,638. ಕ್ಲೈನೆ ಶೈಡೆಗ್ 2,061. ಆಮೇಲೆ ಯುಂಗ್‌ಫ್ರೌಯೋಖ್. ಮೋಡ ಎಲ್ಲಿ ಕೂತಿದೆ ಎಂಬುದರ ಮೇಲೆ ಆ ದಿನದ ಎತ್ತರ ಆರಿಸಿಕೊಳ್ಳಬೇಕು. ಆರು ಗಂಟೆಗೆ ಎದ್ದು ಫೋನಿನಲ್ಲಿ ಶಿಖರಗಳ ನೇರ ಕ್ಯಾಮೆರಾ ನೋಡಿ. ಹೆಚ್ಚಿನೆಲ್ಲ ಕೇಬಲ್ ಕಾರ್‌ನವರೂ ಮೇಲಿನ ದೃಶ್ಯವನ್ನು ಹಗಲೆಲ್ಲ ತೋರಿಸುತ್ತಾರೆ. ಮೇಲೆ ಬಿಸಿಲಿದ್ದರೆ ತಿಂಡಿ ಕಟ್ಟಿಕೊಂಡು ಮೊದಲ ರೈಲಿಗೇ ಹತ್ತಿ. ಮಧ್ಯಾಹ್ನದ ಹೊತ್ತಿಗೆ ಶಿಖರಗಳ ಸುತ್ತ ಮೋಡ ಕಟ್ಟುವುದು ಬೇಸಿಗೆಯಲ್ಲಿ ಮಾಮೂಲು. ಅರೆ ಮೋಡದ ದಿನ ಸರೋವರದಲ್ಲಿ ದೋಣಿಗೆ. ಧೋ ಎಂದು ಸುರಿದ ದಿನ ಬರ್ನ್‌ಗೆ ಹೋಗಿ. ಹಳೇ ಪಟ್ಟಣದ ಬೀದಿಗಳಿಗೆ ನಮ್ಮ ಕಡೆಯ ಉದ್ದ ಜಗುಲಿಯ ಹಾಗೆ ಕಮಾನಿನ ಮಾಡು ಇದೆ, ಒಟ್ಟು ಆರು ಕಿಲೋಮೀಟರ್, ಕೊಡೆ ಬಿಚ್ಚದೆ ಊರು ನೋಡಬಹುದು.

ಇನ್ನು ಮೇ ತಿಂಗಳ ಮಾತು. ನಮ್ಮ ಶಾಲೆಗಳ ರಜೆ ಏಪ್ರಿಲ್–ಮೇ, ಅದು ಆಲ್ಪ್ಸ್‌ನಲ್ಲಿ ಎರಡು ಸೀಸನ್ನುಗಳ ನಡುವಿನ ಕಾಲ. ಸ್ಕೀ ಮುಗಿದಿರುತ್ತದೆ, ನಡಿಗೆಯ ಕಾಲ ಶುರುವಾಗಿರುವುದಿಲ್ಲ. ಕೆಲವು ಕೇಬಲ್ ಕಾರ್‌ಗಳನ್ನು ದುರಸ್ತಿಗೆಂದು ಈ ವಾರಗಳಲ್ಲೇ ನಿಲ್ಲಿಸುತ್ತಾರೆ. ಫೋಟೋಗಳಲ್ಲಿ ಕಾಣುವ, ವೆಂಗೆನ್ ಮೇಲಿನ ಮ್ಯಾನ್‌ಲಿಖೆನ್ ಬೆಟ್ಟದ ಹೂವಿನ ದಾರಿ ನೀವು ಹೋದಾಗ ಹಿಮದಡಿ ಇರುತ್ತದೆ. ಎರಡು ಸಾವಿರ ಮೀಟರ್ ಮೇಲಿನ ಕಾಲ್ದಾರಿಗಳನ್ನೆಲ್ಲ ಪಟ್ಟಿಯಿಂದ ತೆಗೆದುಬಿಡಿ, ಹತ್ತಬೇಕೆಂದಿರುವ ಕೇಬಲ್ ಕಾರ್ ಆ ವಾರ ಓಡುತ್ತದೆಯೇ ಎಂದು ಟಿಕೆಟ್ ತೆಗೆಯುವ ಮೊದಲು ನೋಡಿ. ಬದಲಿಗೆ ಮೇ ತಿಂಗಳು ಕೊಡುವುದು ಕಣಿವೆಯ ತಳವನ್ನು: ಹುಲ್ಲುಗಾವಲೆಲ್ಲ ಹಳದಿ ಹೂವು, ಮೇಲೆ ಇನ್ನೂ ಬಿಳಿ, ನಡುವೆ ಕರಗಿದ ಹಿಮ ಹೊತ್ತು ಬೀಳುವ ಝರಿಗಳು. ಜುಲೈನಲ್ಲಿ ಹೋದವರಿಗೆ ಈ ಮೂರೂ ಒಟ್ಟಿಗೆ ಸಿಗುವುದಿಲ್ಲ.

ಹಾಗಾದರೆ ಬಿಡುವುದು ಯಾವುದನ್ನು? ಜಿನೀವಾ, ಮಾಂಟ್ರೋ ಬಿಡಿ; ಅವು ಇನ್ನೊಂದು ಪ್ರವಾಸಕ್ಕೆ. ಯುಂಗ್‌ಫ್ರೌ ಹತ್ತುವವರಿಗೆ ಇನ್ನೊಂದು ಹಿಮಶಿಖರ ಟಿಟ್ಲಿಸ್ ಬೇಡ. ಮ್ಯಾಟರ್‌ಹಾರ್ನ್ ಚೆಲುವಾದ ಬೆಟ್ಟ, ಬಿಡಿ ಎನ್ನಲು ಮನಸ್ಸು ಬರುವುದಿಲ್ಲ, ಆದರೆ ಇಂಟರ್‌ಲಾಕೆನ್‌ನಿಂದ ಹೋಗಲು ಎರಡು ಗಂಟೆಗೂ ಮೇಲೆ, ಬರಲು ಅಷ್ಟೇ. ಆ ದಿನ ಮೋಡವಿದ್ದರೆ ದಿನವೇ ಹೋಯಿತು. ಗ್ಲೇಸಿಯರ್ ಎಕ್ಸ್‌ಪ್ರೆಸ್‌ಗೆ ಎಂಟು ಗಂಟೆ ಬೇಕು. ಲುಸರ್ನ್ ಇಟ್ಟುಕೊಳ್ಳಿ, ಬರುವ ದಾರಿಯಲ್ಲೇ ಇದೆ. ಹದಿನಾಲ್ಕನೇ ಶತಮಾನದ ಮರದ ಸೇತುವೆಯನ್ನೂ ಬಂಡೆಯಲ್ಲಿ ಕೆತ್ತಿದ ಸಾಯುವ ಸಿಂಹವನ್ನೂ ಮಗಳಿಗೆ ತೋರಿಸಿ. ಸೇತುವೆ 1993ರಲ್ಲಿ ಬೆಂಕಿಗೆ ಸಿಕ್ಕಿ ಬಹುಪಾಲು ಸುಟ್ಟು, ಮತ್ತೆ ಕಟ್ಟಿದ್ದು. ಹೊಸ ಮರ, ಹಳೆ ಮರ ಬಣ್ಣದಲ್ಲೇ ಗೊತ್ತಾಗುತ್ತದೆ.

ವೀಸಾ ಬಗ್ಗೆ ಕೇಳಿಲ್ಲ, ಆದರೂ ಹೇಳುತ್ತೇನೆ. ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಹಾಕಬಹುದು, ಹದಿನೈದು ದಿನ ಉಳಿದಿರುವಾಗ ಬಾಗಿಲು ಮುಚ್ಚುತ್ತದೆ. ಬೇಸಿಗೆ ರಜೆಗೆ ಮುಂಚೆ ನೂಕುನುಗ್ಗಲು, ಜನವರಿಯಲ್ಲೇ ಕೂತುಕೊಳ್ಳಿ. ರೈಲು, ಬಸ್ಸು, ದೋಣಿಗೆಲ್ಲ ಒಂದೇ ಆದ ಸ್ವಿಸ್ ಟ್ರಾವೆಲ್ ಪಾಸ್ ತೆಗೆದುಕೊಂಡರೆ ಹದಿನಾರು ತುಂಬದ ಮಗಳಿಗೆ ಅಪ್ಪ ಅಮ್ಮನ ಜೊತೆ ಟಿಕೆಟ್ ಇಲ್ಲ. ಫ್ಯಾಮಿಲಿ ಕಾರ್ಡ್ ಬೇಕೆಂದು ಮಾತ್ರ ಕೇಳಬೇಕು.

ಪ್ರಶ್ನೆ: ಯುಂಗ್‌ಫ್ರೌಯೋಖ್ ಟಿಕೆಟ್ಟಿನ ದರ ನೋಡಿ ಎದೆ ಧಸಕ್ಕೆಂದಿತು. ನಮ್ಮಿಬ್ಬರ ಬಜೆಟ್ಟಿನಲ್ಲಿ ಒಂದೇ ಶಿಖರ ಸಾಧ್ಯ. ಅದೋ, ಶಿಲ್ಟ್‌ಹಾರ್ನೋ? (ಬೆಂಗಳೂರಿನ ಯುವ ದಂಪತಿ)

ಉತ್ತರ: ಏನು ನೋಡಲು ಹೋಗುತ್ತಿದ್ದೀರಿ ಎಂದು ಮೊದಲು ನೀವಿಬ್ಬರೂ ಮಾತಾಡಿಕೊಳ್ಳಿ. ಹಿಮನದಿ ನೋಡಬೇಕೆಂದರೆ ಯುಂಗ್‌ಫ್ರೌಯೋಖ್. ಪರ್ವತ ನೋಡಬೇಕೆಂದರೆ ಶಿಲ್ಟ್‌ಹಾರ್ನ್.

ಯೋಖ್ ಎಂದರೆ ಎರಡು ಶಿಖರಗಳ ನಡುವಿನ ತಗ್ಗು. ಅಲ್ಲಿ ನಿಂತಾಗ ಯುಂಗ್‌ಫ್ರೌ ನಿಮ್ಮ ಮಗ್ಗುಲಿಗೇ ಬಂದುಬಿಡುತ್ತದೆ. ಮನೆಯ ಗೋಡೆಗೆ ಅಂಟಿ ನಿಂತು ಮನೆ ನೋಡಿದ ಹಾಗೆ. ಐಗರ್, ಮೋಂಖ್, ಯುಂಗ್‌ಫ್ರೌ ಮೂರೂ ಸಾಲಾಗಿ, ಬುಡದಿಂದ ನೆತ್ತಿಯವರೆಗೆ ಕಾಣಬೇಕಾದರೆ ಕಣಿವೆಯ ಈಚೆ ಬರಬೇಕು. 2,970 ಮೀಟರಿನ ಶಿಲ್ಟ್‌ಹಾರ್ನ್‌ನಿಂದ ಹಾಗೆ ಕಾಣುತ್ತದೆ. ಅದಕ್ಕೂ ದುಡ್ಡು ಸಾಲದಿದ್ದರೆ ಅರ್ಧ ದಾರಿಯ ಮ್ಯೂರೆನ್‌ನಿಂದಲೂ ಕಾಣುತ್ತದೆ, ಅಲ್ಲಿಯವರೆಗೆ ಟ್ರಾವೆಲ್ ಪಾಸ್ ಸಾಕು, ಬೇರೆ ಟಿಕೆಟ್ ಇಲ್ಲ. ಕಾರು ಓಡಾಡದ ಹಳ್ಳಿ ಅದು. ಗ್ರ್ಯುಟ್ಷಾಲ್ಪ್ ಎಂಬಲ್ಲಿ ಕೇಬಲ್ ಕಾರ್ ಇಳಿದು, ಪುಟ್ಟ ರೈಲು ಹಿಡಿಯುವ ಬದಲು ಹಳಿಯ ಪಕ್ಕದ ಹಾದಿಯಲ್ಲಿ ಮ್ಯೂರೆನ್‌ವರೆಗೆ ನಡೆದುಬಿಡಿ. ನಾಲ್ಕೂವರೆ ಕಿಲೋಮೀಟರ್ ಆಸುಪಾಸು, ಹೆಚ್ಚುಕಡಿಮೆ ಸಮತಟ್ಟು. ಮೂರೂ ಶಿಖರಗಳು ದಾರಿಯುದ್ದಕ್ಕೂ ಎಡಗಡೆ ಬರುತ್ತವೆ. ಇಡೀ ಸ್ವಿಟ್ಜರ್ಲೆಂಡಿನಲ್ಲಿ ಒಂದೇ ದಿನ ಕೊಟ್ಟರೆ ನಾನು ಹೋಗುವುದು ಈ ದಾರಿಗೆ.

ಆದರೂ ಯುಂಗ್‌ಫ್ರೌಯೋಖ್‌ನ ಪರವಾಗಿ ಒಂದು ಮಾತು ಹೇಳದಿದ್ದರೆ ಅನ್ಯಾಯ. ಐಗರ್ ಮತ್ತು ಮೋಂಖ್ ಬೆಟ್ಟಗಳ ಹೊಟ್ಟೆಯೊಳಗೆ ಏಳು ಕಿಲೋಮೀಟರಿಗೂ ಹೆಚ್ಚು ಸುರಂಗ ಕೊರೆದು ಆ ರೈಲು ಮಾಡಿದರು. 1896ರಲ್ಲಿ ಕೆಲಸ ಶುರು, 1912ರ ಆಗಸ್ಟ್ 1ಕ್ಕೆ ಮೇಲೆ ಮುಟ್ಟಿತು. ಕನಸು ಕಂಡ ಉದ್ಯಮಿ ಆಡೋಲ್ಫ್ ಗೈಯರ್-ಜೆಲ್ಲರ್ 1899ರಲ್ಲೇ ತೀರಿಹೋದರು, ಮುಗಿದದ್ದನ್ನು ನೋಡಲಿಲ್ಲ. ಎರಡನೇ ಪ್ರವಾಸದಲ್ಲಿ ಮೂರು ದಿನ ಕಾದು, ನಾಲ್ಕನೇ ಬೆಳಿಗ್ಗೆ ಕ್ಯಾಮೆರಾದಲ್ಲಿ ನೀಲಿ ಕಂಡ ಕೂಡಲೇ ನಾವು ಹತ್ತಿದೆವು. ಆಲೆಚ್ ಕಾಣಿಸಿತು. ನಡುವೆ ಕಪ್ಪು ಗೆರೆಗಳನ್ನು ಎಳೆದುಕೊಂಡು ತಿರುವಿನಾಚೆ ಮರೆಯಾಗುವ ಬಿಳಿ ಹೆದ್ದಾರಿ. ಆ ಗೆರೆಗಳು ಎರಡು ಹಿಮನದಿಗಳು ಕೂಡುವಾಗ ಅಂಚಿನಲ್ಲಿ ಹೊತ್ತು ತಂದ ಕಲ್ಲುಮಣ್ಣು. ಮೂವತ್ತೊಂದು ವರ್ಷ ಬಾಯಲ್ಲಿ ಹೇಳಿದ್ದು ಅದು. ನನಗೆ ಅಳು ಬಂತು.

ಆ ಹಿಮ ವರ್ಷ ವರ್ಷ ಕುಗ್ಗುತ್ತಿದೆ. 2025ರ ಮೇ 28ರಂದು ಇದೇ ಪರ್ವತಸಾಲಿನ ದಕ್ಷಿಣ ಮಗ್ಗುಲಿನ ಬ್ಲಾಟೆನ್ ಎಂಬ ಹಳ್ಳಿಯ ಮೇಲೆ ಬಿರ್ಖ್ ಹಿಮನದಿ ಬಂಡೆಗಳ ಸಮೇತ ಕುಸಿದು ಊರಿನ ಬಹುಭಾಗ ಮುಚ್ಚಿಹೋಯಿತು. ಬೆಟ್ಟವನ್ನು ಕಾಯುತ್ತಿದ್ದವರು ಮೊದಲೇ ಅಳೆದು ಎಚ್ಚರಿಸಿದ್ದರಿಂದ ಸುಮಾರು 300 ಜನರನ್ನು ದಿನಗಳ ಮುಂಚೆಯೇ ಊರು ಬಿಡಿಸಿದ್ದರು. ಹಿಮನದಿ ನೋಡಬೇಕೆಂಬ ಆಸೆ ನಿಮಗೆ ನಿಜವಾಗಿ ಇದ್ದರೆ, ದುಬಾರಿಯಾದರೂ ಅದನ್ನೇ ನೋಡಿ ಬನ್ನಿ ಎನ್ನುತ್ತೇನೆ. ಕ್ಯಾಮೆರಾದಲ್ಲಿ ಸ್ಪಷ್ಟ ಆಕಾಶ ಕಂಡ ದಿನ ಮಾತ್ರ ಟಿಕೆಟ್ ತೆಗೆಯಿರಿ. ಮೇಲೆ ನಿಧಾನಕ್ಕೆ ನಡೆಯಿರಿ, ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟೇ ಇರುತ್ತದೆ. ಓಡಿದರೆ ತಲೆ ಸುತ್ತುತ್ತದೆ.

ಪ್ರಶ್ನೆ: ಜೋಗ, ಉಂಚಳ್ಳಿ, ಮಾಗೋಡು ನೋಡಿ ಬೆಳೆದವರು ನಾವು. ಅಲ್ಲಿಯ ಜಲಪಾತಗಳಿಗೆ ದಿನ ಖರ್ಚು ಮಾಡುವುದು ತಕ್ಕದ್ದೇ? (ಶಿರಸಿಯ ಓದುಗರು)

ಉತ್ತರ: ಒಂದಕ್ಕೆ ಬೇಡ, ಎರಡಕ್ಕೆ ಖಂಡಿತ ಬೇಕು.

ಬೇಡವಾದದ್ದು ರೈನ್. ಯುರೋಪಿನ ದೊಡ್ಡ ಜಲಪಾತ ಎಂದು ಹೇಳಿ ಕರೆದೊಯ್ಯುತ್ತಾರೆ. ಅಗಲ 150 ಮೀಟರ್, ನೀರು ಬಹಳ, ಎತ್ತರ ಮಾತ್ರ 23 ಮೀಟರ್. ಜೋಗದ 253 ಮೀಟರ್ ಕಣ್ಣಲ್ಲಿ ತುಂಬಿಕೊಂಡವರಿಗೆ ಅದು ದೊಡ್ಡ ಕಟ್ಟೆ ಒಡೆದ ಹಾಗೆ ಕಾಣುತ್ತದೆ. ಜ್ಯೂರಿಕ್‌ನಲ್ಲಿ ಅರ್ಧ ದಿನ ಹೆಚ್ಚಿದ್ದರೆ, ಅದೂ ಹಿಮ ಕರಗುವ ಜೂನ್–ಜುಲೈ ಆದರೆ ಹೋಗಿ.

ಬೇಕಾದದ್ದರಲ್ಲಿ ಮೊದಲನೆಯದು ಲೌಟರ್‌ಬ್ರುನೆನ್ ಊರ ಮೇಲೇ ಬೀಳುವ ಸ್ಟೌಬ್‌ಬಾಖ್, 297 ಮೀಟರ್. ಜೋಗಕ್ಕಿಂತ ಎತ್ತರ, ನೀರು ಅದರ ಮುಂದೆ ಎಳೆ ದಾರ. ಅಲ್ಲಿಯ ಭಾಷೆಯಲ್ಲಿ ಸ್ಟೌಬ್ ಎಂದರೆ ಧೂಳು, ಬಾಖ್ ಎಂದರೆ ಹಳ್ಳ. ಹೆಸರೇ ಎಲ್ಲ ಹೇಳುತ್ತದೆ: ನೀರು ನೆಲ ಮುಟ್ಟುವ ಮೊದಲೇ ಗಾಳಿ ಅದನ್ನು ಪುಡಿ ಮಾಡಿ ಸೀರೆಯ ಸೆರಗಿನ ಹಾಗೆ ಅತ್ತಿತ್ತ ಆಡಿಸುತ್ತದೆ. ಹಿಂದಿನ ಬಂಡೆಗೆ ಏರುವ ಕಾಲುದಾರಿಯಿದೆ. ಬೆಳಿಗ್ಗೆ ಬಿಸಿಲು ಬಿದ್ದಾಗ ಅದರೊಳಗೆ ಕಾಮನಬಿಲ್ಲು.

ನಮ್ಮ ಜಲಪಾತಕ್ಕೂ ಇದಕ್ಕೂ ಹುಟ್ಟಿನಲ್ಲೇ ವ್ಯತ್ಯಾಸ. ಹಿಂದೆ ಈ ಕಣಿವೆ ತುಂಬ ಹಿಮನದಿ ಇತ್ತು. ದೊಡ್ಡ ಹಿಮನದಿ ತನ್ನ ಹಾದಿಯನ್ನು ಆಳಕ್ಕೆ ಕೊರೆಯಿತು, ಪಕ್ಕದಿಂದ ಬಂದು ಸೇರುತ್ತಿದ್ದ ಸಣ್ಣವು ಅಷ್ಟು ಕೊರೆಯಲಿಲ್ಲ. ಹಿಮ ಕರಗಿದ ಮೇಲೆ ಸಣ್ಣ ಕಣಿವೆಗಳು ಗೋಡೆಯ ಮೇಲೆ ಅಟ್ಟದ ಹಾಗೆ ತೂಗಿಕೊಂಡು ಉಳಿದವು, ಅವುಗಳ ಹಳ್ಳಗಳೆಲ್ಲ ಧುಮುಕಬೇಕಾಯಿತು. ಹೀಗೆ ಒಂದೇ ಕಣಿವೆಯಲ್ಲಿ 72 ಜಲಪಾತಗಳಿವೆ ಎಂದು ಊರವರ ಲೆಕ್ಕ. ಪಂಚಾಂಗವೂ ಬೇರೆ. ನಮ್ಮವು ಮಳೆ ನಂಬಿದವು, ಆಷಾಢ ಶ್ರಾವಣದಲ್ಲಿ ತುಂಬುತ್ತವೆ. ಅಲ್ಲಿಯವು ಬಿಸಿಲು ನಂಬಿದವು: ಮೇ ಕೊನೆ, ಜೂನ್‌ನಲ್ಲಿ ತುಂಬಿ, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತವೆ. ಹಿಮದ ನೀರು ಕುಡಿದು ಬರುವ ಝರಿ ಬೆಳಿಗ್ಗೆಗಿಂತ ಮಧ್ಯಾಹ್ನದ ಮೇಲೆ ಜೋರು.

ಎರಡನೆಯದು ಟ್ರ್ಯೂಮೆಲ್‌ಬಾಖ್. ಅದು ಬೆಟ್ಟದ ಒಳಗಿದೆ. ಐಗರ್, ಮೋಂಖ್, ಯುಂಗ್‌ಫ್ರೌ ಮೂರೂ ಬೆಟ್ಟಗಳ ಈ ಮಗ್ಗುಲಿನ ಹಿಮದ ನೀರೆಲ್ಲ ಒಂದೇ ಸೀಳಿನಲ್ಲಿ ಹತ್ತು ಮಜಲಾಗಿ ಇಳಿಯುತ್ತದೆ. ತುಂಬಿದಾಗ ಸೆಕೆಂಡಿಗೆ 20,000 ಲೀಟರ್. ಬಂಡೆಯೊಳಗೇ ಲಿಫ್ಟ್, ಆಮೇಲೆ ಮೆಟ್ಟಿಲು, ಸುರಂಗ. ಒಳಗೆ ನಿಂತಾಗ ಪಕ್ಕದವರ ಮಾತು ಕೇಳುವುದಿಲ್ಲ. ಕಂಬಿ ಹಿಡಿದ ಕೈಗೆ ಬೆಟ್ಟ ನಡುಗುವುದು ತಿಳಿಯುತ್ತದೆ. ಇಂಥದ್ದನ್ನು ನಮ್ಮ ಘಟ್ಟದಲ್ಲಿ ನಾನು ಕಂಡಿಲ್ಲ. ಜರ್ಕಿನ್ ಹಾಕಿಕೊಳ್ಳಿ, ಮೆಟ್ಟಿಲು ಒದ್ದೆ, ಚಪ್ಪಲಿ ಬೇಡ. ಚಳಿಗಾಲದಲ್ಲಿ ಮುಚ್ಚಿರುತ್ತದೆ. ಮಳೆಯ ದಿನಕ್ಕೆ ಎತ್ತಿಟ್ಟುಕೊಳ್ಳಿ. ಹೇಗೂ ನೆನೆಯುವ ಜಾಗ.

ಪ್ರಶ್ನೆ: ನಮಗೆ ದಸರಾ ರಜೆಯಲ್ಲೇ ಸಾಧ್ಯ. ಅಕ್ಟೋಬರ್ ಎಂದರೆ ಎಲ್ಲ ಮುಗಿದ ಕಾಲವೇ? (ಕಲಬುರಗಿಯ ಶಿಕ್ಷಕರು)

ಉತ್ತರ: ಇಲ್ಲ. ನನ್ನ ಮೂರನೇ ಪ್ರವಾಸ ಅಕ್ಟೋಬರಿನದೇ, ಮೂರರಲ್ಲಿ ಅತಿ ತಿಳಿಯಾದ ಆಕಾಶ ಕಂಡದ್ದು ಆಗಲೇ. ಜಲಪಾತ ಸೊರಗಿರುತ್ತವೆ, ದನಗಳು ಸೆಪ್ಟೆಂಬರಿನಲ್ಲೇ ಮೇಲಿನ ಹುಲ್ಲುಗಾವಲಿನಿಂದ ಕೆಳಗಿಳಿದಿರುತ್ತವೆ, ತಿಂಗಳ ಕೊನೆಗೆ ಕೆಲವು ಕೇಬಲ್ ಕಾರ್ ನಿಲ್ಲುತ್ತವೆ. ಬದಲಿಗೆ ಲಾರ್ಚ್ ಮರಗಳು. ಸೂಚಿಪರ್ಣದ ಮರ ಎಲೆ ಉದುರಿಸುವುದಿಲ್ಲ ಎಂದು ಪಾಠದಲ್ಲಿ ಹೇಳುತ್ತೇವೆ. ಲಾರ್ಚ್ ಉದುರಿಸುತ್ತದೆ, ಉದುರಿಸುವ ಮುನ್ನ ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ಹಗಲು ಹನ್ನೊಂದು ಗಂಟೆಯಷ್ಟೇ, ಬೇಗ ಹೊರಡಿ.

ಇನ್ನೊಂದು: ಆ ಕಾಲದಲ್ಲಿ ಜ್ಯೂರಿಕ್, ಲುಸರ್ನ್ ತಗ್ಗಿನಲ್ಲಿ ಮಂಜು ಕವಿದು ಮಧ್ಯಾಹ್ನವಾದರೂ ಏಳುವುದಿಲ್ಲ. ಹೋಟೆಲಿನಲ್ಲಿ ಕೂತು ಬೇಸರ ಪಡಬೇಡಿ. ಲುಸರ್ನ್‌ನಿಂದ ದೋಣಿಯಲ್ಲಿ ವಿಟ್ಸ್‌ನೌಗೆ ಹೋಗಿ, ಅಲ್ಲಿಂದ ಹಲ್ಲುಹಳಿಯ (ನಡುವಿನ ಹಲ್ಲಿನ ಹಳಿಗೆ ಚಕ್ರ ಕಚ್ಚಿಕೊಂಡು ಏರುವ) ರೈಲಿನಲ್ಲಿ ರಿಗಿ ಬೆಟ್ಟ ಹತ್ತಿ. 1871ರಲ್ಲಿ ಶುರುವಾದ, ಯುರೋಪಿನ ಮೊದಲ ಬೆಟ್ಟದ ರೈಲು ಅದು. ಟ್ರಾವೆಲ್ ಪಾಸಿನಲ್ಲಿ ಪೂರ್ತಿ ಸೇರಿದೆ. ನಾವು ಹೋದ ದಿನ ಅರ್ಧ ದಾರಿಯವರೆಗೆ ಕಿಟಕಿಯಾಚೆ ಏನೂ ಇರಲಿಲ್ಲ. ಒಂದು ತಿರುವು ದಾಟಿದ್ದೇ ತಡ, ಬಿಸಿಲು ಮುಖಕ್ಕೆ ಹೊಡೆಯಿತು. ಕೆಳಗೆ ಊರು, ಸರೋವರ ಎಲ್ಲ ಮುಳುಗಿಸಿದ ಬಿಳಿ ಕಡಲು, ಅದರಿಂದ ಬೆಟ್ಟಗಳು ದ್ವೀಪದ ಹಾಗೆ ಎದ್ದಿದ್ದವು. ಡಬ್ಬಿಯಲ್ಲಿದ್ದ ಚಪಾತಿ ಬಿಚ್ಚುವುದನ್ನೂ ಮರೆತು ನಿಂತಿದ್ದೆವು.

ಪ್ರಶ್ನೆ: ಗಾಜಿನ ಚಾವಣಿಯ ಯಾವುದಾದರೂ ಒಂದು ರೈಲಿನಲ್ಲಿ ಹೋಗಲೇಬೇಕೆಂಬ ಆಸೆ. ಯಾವುದು? (ಹಾಸನದ ಓದುಗರು)

ಉತ್ತರ: ಹಳಿ ಆರಿಸಿ, ಡಬ್ಬಿಯನ್ನಲ್ಲ. ಗಾಜಿನ ಚಾವಣಿಯ ಬೋಗಿಗಳ ಕಿಟಕಿ ತೆರೆಯಲು ಬರುವುದಿಲ್ಲ, ಫೋಟೋದಲ್ಲಿ ನಿಮ್ಮದೇ ಮುಖದ ಪ್ರತಿಬಿಂಬ ಬೀಳುತ್ತದೆ, ಸೀಟು ಕಾದಿರಿಸಲು ಬೇರೆ ಹಣ. ಅದೇ ಹಳಿಯ ಮೇಲೆ ಊರವರು ಓಡಾಡುವ ಸಾಮಾನ್ಯ ರೈಲೂ ಹೋಗುತ್ತದೆ. ಬರ್ನಿನಾ ಹಳಿ ಇದಕ್ಕೆ ಒಳ್ಳೆಯ ಉದಾಹರಣೆ. ತೂಸಿಸ್‌ನಿಂದ ಇಟಲಿಯ ತಿರಾನೋವರೆಗಿನ ಭಾಗ 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು: 196 ಸೇತುವೆ, 55 ಸುರಂಗ, ಹಲ್ಲುಹಳಿಯ ಸಹಾಯವಿಲ್ಲದೆ 2,253 ಮೀಟರಿನವರೆಗೆ ಏರುವ ರೈಲು. ಸಾಮಾನ್ಯ ಗಾಡಿಯಲ್ಲಿ ಕಿಟಕಿ ಇಳಿಸಿ ತಲೆಗೆ ಗಾಳಿ ಹೊಡೆಸಿಕೊಂಡು ಹೋಗಬಹುದು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಹಗಲು ರೈಲಿನಲ್ಲಿ ಇಳಿದವರಿಗೆ ಆ ಸುಖ ಗೊತ್ತು.

ಆದರೆ ಅದು ದೇಶದ ಪೂರ್ವದ ತುದಿ. ನೀವು ಇಂಟರ್‌ಲಾಕೆನ್ ಕಡೆ ತಂಗುವವರಾದರೆ ಲುಸರ್ನ್–ಇಂಟರ್‌ಲಾಕೆನ್ ರೈಲೇ ಸಾಕು. ಸುಮಾರು ಎರಡು ಗಂಟೆ, ಹೇಗೂ ಹೋಗಬೇಕಾದ ದಾರಿ. ಲುಸರ್ನ್‌ನಲ್ಲಿ ಬಲಗಡೆ ಸೀಟು ಹಿಡಿಯಿರಿ, ಸಾರ್ನೆನ್, ಲುಂಗರ್ನ್ ಸರೋವರಗಳು ಆ ಕಡೆ ಬರುತ್ತವೆ. ಮೈರಿಂಗೆನ್‌ನಲ್ಲಿ ರೈಲು ದಿಕ್ಕು ಬದಲಿಸಿ ಹಿಮ್ಮುಖ ಹೊರಡುತ್ತದೆ, ಎದ್ದು ಜಾಗ ಬದಲಿಸಬೇಡಿ; ಬ್ರಿಯೆಂಜ್ ಸರೋವರವೂ ಈಗ ನಿಮ್ಮ ಕಿಟಕಿಗೇ ಬರುತ್ತದೆ.

ಪ್ರಶ್ನೆ: ಸಸ್ಯಾಹಾರಿಗಳು ನಾವು. ಊಟಕ್ಕೇನು ಮಾಡುವುದು? (ಹುಬ್ಬಳ್ಳಿಯ ಗೃಹಿಣಿ)

ಉತ್ತರ: ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯಿರಿ. ಅಕ್ಕಿ, ತರಕಾರಿ, ಮೊಸರು ಅಲ್ಲೇ ಸಿಗುತ್ತದೆ. ಅವಲಕ್ಕಿ, ಸಾರಿನ ಪುಡಿ, ಶೇಂಗಾ ಚಟ್ನಿಪುಡಿ, ರೊಟ್ಟಿ ಒಯ್ಯಿರಿ. ತುಪ್ಪ, ಪೇಢೆ, ಖವಾ ಒಯ್ಯಬೇಡಿ. ಯುರೋಪಿನ ಹೊರಗಿಂದ ಹಾಲಿನ ಪದಾರ್ಥ ತರುವುದಕ್ಕೆ ಅಲ್ಲಿ ನಿಷೇಧವಿದೆ, ಧಾರವಾಡ ಪೇಢೆಗೂ ವಿನಾಯಿತಿ ಇಲ್ಲ. ಭಾನುವಾರ ದೊಡ್ಡ ನಿಲ್ದಾಣಗಳ ಅಂಗಡಿ ಬಿಟ್ಟರೆ ಬಹುತೇಕ ಬಾಗಿಲು ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತಂದಿಟ್ಟುಕೊಳ್ಳಿ. ನೀರು ಕೊಳ್ಳಬೇಡಿ, ಬೀದಿಯ ಕಾರಂಜಿ ತೊಟ್ಟಿಯಲ್ಲಿ ಬರುವುದು ಕುಡಿಯುವ ನೀರೇ. ‘ಕೈನ್ ಟ್ರಿಂಕ್‌ವಾಸರ್’ ಎಂಬ ಫಲಕ ಇದ್ದಲ್ಲಿ ಮಾತ್ರ ಕುಡಿಯಬಾರದು.

ಪ್ರಶ್ನೆ: ನನಗೆ ಎಪ್ಪತ್ತೊಂದು. ಎರಡೂ ಮೊಣಕಾಲು ನೋವು, ಬಿಪಿ ಮಾತ್ರೆ ಇದೆ. ಮಗ ಸೊಸೆ ಜೂನ್‌ನಲ್ಲಿ ಕರೆದುಕೊಂಡು ಹೋಗುತ್ತೇವೆ ಎನ್ನುತ್ತಿದ್ದಾರೆ. ಅವರು ಬೆಟ್ಟ ಹತ್ತುವಾಗ ನಾನು ರೂಮಿನಲ್ಲಿ ಕೂರಬೇಕಾಗುತ್ತದೆಯೇ ಎಂಬ ಯೋಚನೆ. (ಮೈಸೂರಿನ ಓದುಗರು)

ಉತ್ತರ: ಅಕ್ಕ, ರೂಮಿನಲ್ಲಿ ಕೂರುವ ಮಾತೇ ಬೇಡ, ಹೊರಡಿ. ನನ್ನ ಯಜಮಾನರಿಗೂ ಮೊಣಕಾಲಿನದೇ ತೊಂದರೆ. ಯುಂಗ್‌ಫ್ರೌಯೋಖ್ ಬಗ್ಗೆ ಮಾತ್ರ ಡಾಕ್ಟರನ್ನು ಕೇಳದೆ ಹೂಂ ಅನ್ನಬೇಡಿ. ಶಿಲ್ಟ್‌ಹಾರ್ನ್ ತುದಿಗೂ ಅದೇ ಮಾತು. ಮ್ಯೂರೆನ್ ಎತ್ತರದವರೆಗೆ ನಮ್ಮವರಿಗೆ ಏನೂ ಆಗಲಿಲ್ಲ. ಆದರೂ ಒಮ್ಮೆ ಕೇಳಿಕೊಂಡರೆ ಮನಸ್ಸಿಗೆ ನೆಮ್ಮದಿ.

ಆ ದೇಶದಲ್ಲಿ ಬೆಟ್ಟವನ್ನು ಕೂತುಕೊಂಡೇ ಹತ್ತಬಹುದು. ಇಂಟರ್‌ಲಾಕೆನ್‌ನಿಂದ ಹಾರ್ಡರ್ ಕುಲ್ಮ್‌ಗೆ ಹಗ್ಗದ ರೈಲು ಹತ್ತು ನಿಮಿಷದಲ್ಲಿ 1,322 ಮೀಟರಿಗೆ ಒಯ್ಯುತ್ತದೆ. ಎರಡೂ ಸರೋವರ, ಎದುರಿಗೆ ಹಿಮದ ಸಾಲು. ಮ್ಯೂರೆನ್‌ಗೆ ಕಣಿವೆಯ ತಳದ ಸ್ಟೆಚೆಲ್‌ಬರ್ಗ್‌ನಿಂದ ನೇರ ಕೇಬಲ್ ಕಾರ್ ಇದೆ. ಮಕ್ಕಳು ನಡೆಯಲು ಹೋದಾಗ ಊರ ಬೀದಿಯ ಒಂದು ಬೆಂಚು ನೋಡಿ ಕೂತುಬಿಡಿ. ಬೆಂಚುಗಳನ್ನು ಅವರು ಹಾಕಿರುವುದೇ ಶಿಖರಕ್ಕೆ ಮುಖ ಮಾಡಿ. ಜೂನ್‌ನಲ್ಲಿ ಒಂಬತ್ತು ಗಂಟೆ ದಾಟಿದ ಮೇಲೆ ಸೂರ್ಯ ಮುಳುಗುವುದು, ಕಣಿವೆ ಕತ್ತಲಾದ ಎಷ್ಟೋ ಹೊತ್ತಿನ ಮೇಲೂ ಯುಂಗ್‌ಫ್ರೌ ನೆತ್ತಿ ಗುಲಾಬಿಯಾಗಿ ಉರಿಯುತ್ತಿರುತ್ತದೆ. ಬೆಟ್ಟ ಹತ್ತಿ ಸುಸ್ತಾದವರು ಆ ಹೊತ್ತಿಗೆ ಮಲಗಿರುತ್ತಾರೆ.

ನಿಮಗೇ ಎಂದು ಒಂದು ದಿನ ಕೇಳಿ ಇಟ್ಟುಕೊಳ್ಳಿ, ಬ್ರಿಯೆಂಜ್ ಸರೋವರದ ದೋಣಿಗೆ. ಇಂಟರ್‌ಲಾಕೆನ್‌ನ ಓಸ್ಟ್ ನಿಲ್ದಾಣದ ಪಕ್ಕದಲ್ಲೇ ಹತ್ತುವ ಜಾಗ. ಬ್ರಿಯೆಂಜ್ ಊರಿಗೆ ಒಂದೂಕಾಲು ಗಂಟೆ. ಆ ನೀರಿನ ಬಣ್ಣ ನೋಡಿ ಯಾರೋ ಬಣ್ಣ ಕದಡಿದ್ದಾರೆ ಎನಿಸುತ್ತದೆ. ಹಿಮನದಿ ಬಂಡೆಯನ್ನು ಬೀಸುವಕಲ್ಲಿನ ಹಾಗೆ ಅರೆಯುತ್ತದೆ, ಆ ಕಲ್ಲಿನ ಹಿಟ್ಟು ಹೊಳೆಯಲ್ಲಿ ಬಂದು ಇಲ್ಲಿ ತೇಲುತ್ತದೆ, ಬಿಸಿಲು ಅದಕ್ಕೆ ತಾಗಿ ಆ ಹಸಿರುನೀಲಿ. ಹಿಟ್ಟಿನ ಬಹುಪಾಲು ಇಲ್ಲೇ ತಳ ಸೇರುವುದರಿಂದ ಕೆಳಗಿನ ಟೂನ್ ಸರೋವರ ಇಷ್ಟು ಹಾಲುಹಾಲಾಗಿರುವುದಿಲ್ಲ. ನಡುದಾರಿಯಲ್ಲಿ ಗೀಸ್‌ಬಾಖ್ ಎಂಬ ಜಲಪಾತ ಮರಗಳ ನಡುವಿನಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಸರೋವರಕ್ಕೇ ಬೀಳುತ್ತದೆ, ದೋಣಿಯಿಂದಲೇ ಕಾಣುತ್ತದೆ. ಒಳಗಿನ ಗಾಜಿನ ಕೋಣೆಯಲ್ಲಿ ಕೂರಬೇಡಿ, ಹೊರಗಿನ ಡೆಕ್ಕಿನಲ್ಲಿ ಜಾಗ ಹಿಡಿಯಿರಿ. ನೀರಿನ ಮೇಲಿನ ಗಾಳಿ ಜೂನ್‌ನಲ್ಲೂ ತಣ್ಣಗಿರುತ್ತದೆ. ಕಿವಿಗೆ ಸುತ್ತಿಕೊಳ್ಳಲು ಒಂದು ಶಾಲು ಚೀಲದ ಮೇಲ್ಗಡೆಯೇ ಇರಲಿ.